ಓದಿಸುವ ಶಾಲೆ ಓಡಿಸುವುದೇಕೆ?

ಇಂಗ್ಲೆಂಡಿನ ಪ್ರೈಮರಿ ಶಾಲೆಗೆ ಈಗಷ್ಟೇ ಮಕ್ಕಳನ್ನು ಸೇರಿಸಿರುವ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಂದ ಮೊದಲ ತಿಂಗಳಲ್ಲೇ ನಿಮ್ಮಲ್ಲಿ ಹಲವರು ಕನ್ನಡ ಕೂಟದಲ್ಲಿ ಕೇಳುವ ಮಾತೊಂದಿದೆ: “ಓದಿಸೋದು ಬಿಟ್ಟು ಓಡಿಸ್ತಾರಲ್ಲ, ಇದೆಂಥ ಶಾಲೆ?” ನಾನೂ ಇದನ್ನೇ ಕೇಳಿದ್ದೆ. ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಂಡರೆ ಸಂತೋಷಪಡುವ ಮನೆಗಳಲ್ಲಿ ಬೆಳೆದವರು ನಾವು. ಇಲ್ಲಿ ಆ ಓಟವೂ ಪಾಠವೇ. 2020ರ ಸೆಪ್ಟೆಂಬರಿನಿಂದ ಸರ್ಕಾರಿ ಶಾಲೆಗಳಲ್ಲಿ ಆರೋಗ್ಯ ಶಿಕ್ಷಣ ಕಡ್ಡಾಯವಾಗಿದೆ. ನಿದ್ದೆ, ಊಟ, ಹಲ್ಲಿನ ಆರೈಕೆ, ಮನಸ್ಸಿನ ಏರುಪೇರು ಎಲ್ಲವೂ ಅದರಲ್ಲಿ ಬರುತ್ತವೆ.

ಓಟದಿಂದಲೇ ಶುರುಮಾಡೋಣ. ‘ಡೈಲಿ ಮೈಲ್’ ಎಂಬ ಹೆಸರು ನಿಮ್ಮ ಕಿವಿಗೂ ಬಿದ್ದಿರಬಹುದು. 2012ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ, ಸೇಂಟ್ ನಿನಿಯನ್ಸ್ ಪ್ರೈಮರಿಯ ಮುಖ್ಯೋಪಾಧ್ಯಾಯಿನಿ ಎಲೇನ್ ವೈಲಿ ಇದನ್ನು ಆರಂಭಿಸಿದರು. ಅವರ ಶಾಲೆಯ ಮಕ್ಕಳಿಗೆ ಸ್ವಲ್ಪ ಓಡುವಷ್ಟರಲ್ಲೇ ಏದುಸಿರು ಬರುತ್ತಿತ್ತು. ದಿನಕ್ಕೆ 15 ನಿಮಿಷ, ಬಟ್ಟೆ ಬದಲಿಸದೆ, ಓಡಬಲ್ಲವರು ಓಡುತ್ತಾರೆ, ಆಗದವರು ನಡೆಯುತ್ತಾರೆ. ಇದರಲ್ಲಿ ಪಂದ್ಯವಿಲ್ಲ, ಬಹುಮಾನವಿಲ್ಲ. ಹಾಗಾಗಿ ನಿಮ್ಮ ಮಗು ಎಷ್ಟನೆಯದಾಗಿ ಬಂತು ಎಂದು ಸಂಜೆ ಕೇಳಬೇಡಿ. ಜಿನುಗು ಮಳೆಯಲ್ಲೂ ಮಕ್ಕಳನ್ನು ಹೊರಗೆ ಬಿಡುತ್ತಾರೆ. ಅದಕ್ಕೆ ಗಾಬರಿಯಾಗದೆ ಒಂದು ಒಳ್ಳೆಯ ಮಳೆ ಕೋಟು ಕೊಡಿಸಿ. ಲೇಸು ಕಟ್ಟಲು ಬಾರದ ಮಗುವಿಗೆ ವೆಲ್ಕ್ರೋ ಇರುವ ಶೂ ಸಾಕು.

ಪಿ.ಇ. (ದೈಹಿಕ ಶಿಕ್ಷಣ) ದಿನದ ಬಗ್ಗೆ ನನಗೆ ಯಾರೂ ಹೇಳಿರದ ವಿಷಯ ಕಿವಿಯೋಲೆಯದು. ಹೆಚ್ಚಿನ ಶಾಲೆಗಳಲ್ಲಿ ಆಟದ ಹೊತ್ತಿಗೆ ಓಲೆ, ಬಳೆ, ಕಡಗ ಏನೂ ಇರಬಾರದು. ನನ್ನ ಮಗಳ ಓಲೆಯ ತಿರುಪು ಬಿಚ್ಚಲು ಅವಳಿಗೆ ಬರುತ್ತಿರಲಿಲ್ಲ, ಟೀಚರ್ ಮುಟ್ಟುವಂತಿರಲಿಲ್ಲ. ಮೂರು ವಾರ ಅವಳು ಗೋಡೆಗೊರಗಿ ಕೂತು ಉಳಿದವರ ಆಟ ನೋಡಿದಳು. ನನಗೆ ತಿಳಿದದ್ದು ನಾಲ್ಕನೆಯ ವಾರ. ಈಗಲೂ ನೆನೆದರೆ ಕರುಳು ಚುರ್ ಎನ್ನುತ್ತದೆ. ಆದ್ದರಿಂದ ಪಿ.ಇ. ಇರುವ ದಿನ ಓಲೆಯನ್ನು ಮನೆಯಲ್ಲೇ ಬಿಚ್ಚಿ ಕಳಿಸಿ. ಇನ್ನೂ ಕಿವಿ ಚುಚ್ಚಿಸಿಲ್ಲವೆಂದರೆ ಜುಲೈ ಕೊನೆಗೆ, ಬೇಸಿಗೆ ರಜೆ ಶುರುವಾದ ಕೂಡಲೇ ಚುಚ್ಚಿಸಿ. ಮಾಯಲು ಹಿಡಿಯುವ ಸುಮಾರು ಆರು ವಾರ ರಜೆಯಲ್ಲೇ ಕಳೆಯುತ್ತದೆ. ಉಡಿದಾರದ ವಿಷಯವನ್ನೂ ಟೀಚರಿಗೆ ಮೊದಲೇ ಹೇಳಿಡಿ.

ಓಟದಂತೆ ಈಜೂ ಇಲ್ಲಿ ಪಾಠವೇ. ಪ್ರೈಮರಿ ಮುಗಿಸುವಷ್ಟರಲ್ಲಿ ಪ್ರತಿ ಮಗುವಿಗೂ ಕನಿಷ್ಠ 25 ಮೀಟರ್ ಈಜಲು ಬರಬೇಕು ಎಂದು ಇಲ್ಲಿನ ಪಠ್ಯಕ್ರಮವೇ ಹೇಳುತ್ತದೆ. ಶೀತವಾಗುತ್ತದೆಂದು ಚೀಟಿ ಬರೆದು ತಪ್ಪಿಸಬೇಡಿ. ಮೈ ಮುಚ್ಚುವ ಈಜುಡುಗೆ ಬೇಕಿದ್ದರೆ ಕೇಳಿ, ಕೇಳುವುದರಲ್ಲಿ ಸಂಕೋಚವೇನಿಲ್ಲ.

ಊಟದ ಡಬ್ಬಿಯ ಬಗ್ಗೆ ತುಸು ಎಚ್ಚರ ಬೇಕು. ರಿಸೆಪ್ಷನ್, ಇಯರ್ ಒನ್, ಇಯರ್ ಟು ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ 2014ರಿಂದ ಮಧ್ಯಾಹ್ನದ ಊಟ ಉಚಿತ. ಲಂಡನ್ನಿನಲ್ಲಿ 2023ರ ಸೆಪ್ಟೆಂಬರಿನಿಂದ ಪ್ರೈಮರಿಯ ಉಳಿದ ತರಗತಿಗಳಿಗೂ ಉಚಿತ. ಡಬ್ಬಿ ಕಟ್ಟುವವರು ಕಡಲೆಬೀಜದ ಬಗ್ಗೆ ಎಚ್ಚರವಾಗಿರಿ. ಅಲರ್ಜಿಯ ಭಯದಿಂದ ಎಷ್ಟೋ ಶಾಲೆಗಳು ಅದನ್ನು ಒಳಗೇ ಬಿಡುವುದಿಲ್ಲ. ಚಿತ್ರಾನ್ನದ ಒಗ್ಗರಣೆಯಲ್ಲಿ, ಚಟ್ನಿಪುಡಿಯಲ್ಲಿ, ಚಿಕ್ಕಿಯಲ್ಲಿ ಅದು ನಮಗೆ ಗೊತ್ತಿಲ್ಲದಂತೆ ಸೇರಿಕೊಂಡಿರುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ತರಗತಿಗೆ ಹಂಚುವ ಆಸೆ ಎಲ್ಲರಿಗೂ ಇರುತ್ತದೆ, ದಯವಿಟ್ಟು ಬೇಡ. ಅದರಲ್ಲಿ ಎಳ್ಳೂ ಇದೆ, ಕಡಲೆಬೀಜವೂ ಇದೆ. ಸಸ್ಯಾಹಾರಿಗಳು ಫಾರ್ಮಿನಲ್ಲಿ ‘ವೆಜಿಟೇರಿಯನ್’ ಎಂದಷ್ಟೇ ಬರೆದು ಸುಮ್ಮನಾಗಬೇಡಿ, ಮೊಟ್ಟೆ ಮತ್ತು ಜೆಲಟಿನ್ ಬೇಡವೆಂದು ಬಿಡಿಸಿ ಬರೆಯಿರಿ. ಹುಟ್ಟುಹಬ್ಬಕ್ಕೆ ಹಂಚುವ ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್ ಸಾಮಾನ್ಯ. ಶರತ್ಕಾಲದಲ್ಲಿ ಶಾಲೆಯಲ್ಲೇ ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಲ್ಲೂ ಹಂದಿಯ ಜೆಲಟಿನ್ ಇರುತ್ತದೆ. ಅದು ಬೇಡವಾದವರಿಗೆ ಚುಚ್ಚುಮದ್ದು ಉಂಟು. ಲಸಿಕೆಯ ಒಪ್ಪಿಗೆ ಫಾರ್ಮನ್ನು ಹಾಗೇ ಬ್ಯಾಗಿನಲ್ಲಿ ಕೊಳೆಯಲು ಬಿಡದೆ, ಕೇಳಿ ತಿಳಿದು ಸಹಿ ಹಾಕಿ.

ಇನ್ನೊಂದು ಪತ್ರ ಬರುತ್ತದೆ: ರಿಸೆಪ್ಷನ್ ಮತ್ತು ಇಯರ್ ಸಿಕ್ಸ್‌ನಲ್ಲಿ ಎತ್ತರ, ತೂಕ ಅಳೆಯುತ್ತಾರೆ. ಫಲಿತಾಂಶವನ್ನು ಮಗುವಿನ ಎದುರು ಓದಿ ಚರ್ಚಿಸಬೇಡಿ, ಊರಿನ ಅಜ್ಜಿಗೆ ಫೋನಿನಲ್ಲಿ ಹೇಳುವಾಗಲೂ ಮಗು ಕೇಳಿಸಿಕೊಳ್ಳುತ್ತಿದೆಯೇ ನೋಡಿ. ವಿಟಮಿನ್ ಡಿ ಮಾತ್ರ ಮರೆಯಲೇಬೇಡಿ. ದಿನಕ್ಕೆ 10 ಮೈಕ್ರೋಗ್ರಾಮ್. ನಮ್ಮಂಥ ಕಂದುಬಣ್ಣದವರು ಚಳಿಗಾಲ ಮಾತ್ರವಲ್ಲ, ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕು ಎಂಬುದು ಇಲ್ಲಿನ ಸರ್ಕಾರದ ಸಲಹೆ.

ಇಷ್ಟೆಲ್ಲ ದೇಹದ ಮಾತಾಯಿತು. ನನಗೆ ಮುಖ್ಯವೆನಿಸುವುದು ಮನಸ್ಸಿನದು. ಹಲವು ತರಗತಿಗಳಲ್ಲಿ ಬೆಳಿಗ್ಗೆ ಮಕ್ಕಳು ತಮ್ಮ ಹೆಸರಿನ ಚೀಟಿಯನ್ನು ಒಂದು ಬಣ್ಣದ ಮೇಲೆ ಅಂಟಿಸುತ್ತಾರೆ: ಹಸಿರೆಂದರೆ ನೆಮ್ಮದಿ, ಕೆಂಪೆಂದರೆ ಸಿಟ್ಟು, ನೀಲಿಯೆಂದರೆ ದುಃಖ ಅಥವಾ ಸುಸ್ತು. ಮನಸ್ಸಿನ ಚಿಂತೆ ಬರೆದು ಹಾಕಲು ಮೂಲೆಯಲ್ಲಿ ‘ವರಿ ಬಾಕ್ಸ್’ ಇರುತ್ತದೆ. ಆದರೆ ಬರೆಯಲು ಮಗುವಿಗೆ ಮಾತು ಬೇಕಲ್ಲ! ಮನೆಯಲ್ಲಿ ಕನ್ನಡವಾಡುವ ಮಗುವಿಗೆ ‘ಬೇಜಾರು’ ಒಂದೇ ಪದ. ಅಜ್ಜಿ ನೆನಪಾದರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ಆಡಲು ಏನೂ ಇಲ್ಲದಿದ್ದರೂ ಬೇಜಾರು. ನನ್ನ ಮಗಳು ಇದನ್ನು ಇಂಗ್ಲಿಷಿಗೆ ತಿರುಗಿಸಿ “ಐ ಆಮ್ ಬೋರ್ಡ್” ಎನ್ನುತ್ತಿದ್ದಳು. ಟೀಚರ್ ಅವಳಿಗೆ ಇನ್ನೊಂದು ವರ್ಕ್‌ಶೀಟ್ ಕೊಡುತ್ತಿದ್ದರು. ಅವಳು ಹೇಳುತ್ತಿದ್ದದ್ದು ಅಳು ಬರುತ್ತಿದೆ ಎಂದು.

ಸೋಮವಾರದ ಹೊಟ್ಟೆನೋವೂ ಎಷ್ಟೋ ಸಲ ಇಂಥ ಹೇಳಲಾಗದ ಬೇಜಾರೇ. ಹೊಟ್ಟೆ ನಿಜವಾಗಿ ನೋಯುತ್ತಿರುತ್ತದೆ, ಮಗು ಸುಳ್ಳು ಹೇಳುತ್ತಿಲ್ಲ. ಮತ್ತೆ ಮತ್ತೆ ಬಂದರೆ ನಿಮ್ಮ ವೈದ್ಯರಿಗೆ (ಜಿ.ಪಿ.ಗೆ) ತೋರಿಸಿ, ಜೊತೆಗೆ ಶಾಲೆಯಲ್ಲೂ ಮಾತಾಡಿ.

ರಾತ್ರಿ ಊಟಕ್ಕೆ ಕೂತಾಗ ಪದಗಳನ್ನು ಬಿಡಿಸಿ ಕೊಡಿ: ದಿಗಿಲು, ಅಳುಕು, ಮುನಿಸು, ಸಂಕಟ, ನಾಚಿಕೆ. ಒಂದೊಂದಕ್ಕೂ ನಿಮ್ಮದೇ ದಿನದ ಉದಾಹರಣೆ ಹೇಳಿ, “ಇವತ್ತು ಆಫೀಸಿನಲ್ಲಿ ನನಗೆ ಅಳುಕಾಯಿತು” ಎಂದು. ಅಪ್ಪನಿಗೂ ಅಳುಕಾಗುತ್ತದೆ ಎಂದು ತಿಳಿದ ಮಗು ತನ್ನದನ್ನು ಹೇಳಲು ಬಾಯಿ ಬಿಡುತ್ತದೆ. ನಾವು ಹತ್ತು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅರ್ಥ ಸೇರಿಸಿ ಟೀಚರಿಗೆ ಕೊಟ್ಟೆವು. ‘ಬೇಜಾರು’ ಎದುರಿಗೆ ಮೂರು ಅರ್ಥ ಬರೆದಿದ್ದೆವು. ಒಂದು ವಾರದ ನಂತರ ಗೇಟಿನ ಹತ್ತಿರ ಅವರೇ ನನ್ನನ್ನು ನಿಲ್ಲಿಸಿ ಕೇಳಿದರು: “ಇವತ್ತು ಅವಳಿಗೆ ಸ್ವಲ್ಪ ‘ಬೇಜಾರು’ ಇತ್ತು, ಮೂರರಲ್ಲಿ ಯಾವುದೆಂದು ನೀವೊಮ್ಮೆ ಕೇಳಿ ನೋಡುತ್ತೀರಾ?”