ಬ್ಯಾಟರಿ ದೊಡ್ಡದಾದರೆ ಸಾಕೇ?

ಮಕ್ಕಳೇ, ಡೈನಮೋ ಇರುವ ಸೈಕಲ್ಲನ್ನು ಕತ್ತಲಲ್ಲಿ ತುಳಿದಿದ್ದೀರಾ? ಇಲ್ಲವಾದರೆ ಮನೆಯ ಹಿರಿಯರನ್ನು ಕೇಳಿ. ಜೋರಾಗಿ ತುಳಿದರೆ ದೀಪ ಪ್ರಕಾಶಮಾನವಾಗಿ ಉರಿಯುತ್ತದೆ. ಏರು ಬಂದರೆ ಮಂಕಾಗುತ್ತದೆ. ಸೈಕಲ್ ನಿಂತರೆ ಆರಿಹೋಗುತ್ತದೆ. ಆದರೆ ಕಾರು ನಿಂತರೂ ಅದರ ದೀಪ ಆರುವುದಿಲ್ಲ. ಏಕೆಂದರೆ ಕಾರಿನಲ್ಲಿ ಬ್ಯಾಟರಿ ಇದೆ.

ಕಾರಿನ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಆರು ಕೋಶಗಳಿರುತ್ತವೆ. ಪ್ರತಿ ಕೋಶದಲ್ಲೂ ಸೀಸದ ಫಲಕಗಳು ಮತ್ತು ನೀರು ಬೆರೆಸಿದ ಗಂಧಕಾಮ್ಲ ಇವೆ. ಒಂದು ಕೋಶದಿಂದ ಸುಮಾರು 2 ವೋಲ್ಟ್, ಆರರಿಂದ 12 ವೋಲ್ಟ್. ಇಂತಹ ಕೋಶವನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ತಯಾರಿಸಿದರು. ಖಾಲಿಯಾದ ಮೇಲೆ ಮತ್ತೆ ವಿದ್ಯುತ್ ಹರಿಸಿ ತುಂಬಿಸಬಹುದು ಎಂಬುದೇ ಇದರ ಹೆಚ್ಚುಗಾರಿಕೆ.

ಹಾಗಾದರೆ ತುಂಬಿಸುವವರು ಯಾರು? ಎಂಜಿನ್ನಿನ ಬೆಲ್ಟಿನಿಂದ ತಿರುಗುವ ವಿದ್ಯುಜ್ಜನಕ. ಊರಿನ ನೀರಿನ ಟ್ಯಾಂಕನ್ನು ನೆನೆಯಿರಿ. ಬ್ಯಾಟರಿ ಎಂದರೆ ಟ್ಯಾಂಕು, ವಿದ್ಯುಜ್ಜನಕ ಎಂದರೆ ಪಂಪು.

ಈಗ ಒಂದು ಲೆಕ್ಕ ಮಾಡೋಣ. ಒಂದು ಹಳೆಯ ಅಂಬಾಸಿಡರ್ ಕಾರು. ಅದರ ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ ಎಂದುಕೊಳ್ಳಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಮುಂದಿನ ದೀಪಗಳು 120 ವ್ಯಾಟ್. ಅಂದರೆ 10 ಆಂಪಿಯರ್. ಎಂಜಿನ್ನಿನ ಕಿಡಿಗೆ 4. ಒಟ್ಟು 14. ಉಳಿದ 8 ಆಂಪಿಯರ್ ಬ್ಯಾಟರಿ ತುಂಬಲು ಸಾಕಷ್ಟಾಯಿತು. ಮಾಲೀಕರು ಇನ್ನೆರಡು ದೀಪಗಳನ್ನೂ ಹಾಡು ಕೇಳುವ ದೊಡ್ಡ ಪೆಟ್ಟಿಗೆಯನ್ನೂ ಹಾಕಿಸಿದರು. ಅವುಗಳಿಗೆ ಇನ್ನೂ 19 ಆಂಪಿಯರ್ ಬೇಕು. ಒಟ್ಟು 33 ಆಯಿತು! ಕೊರತೆಯಾದ 11 ಆಂಪಿಯರನ್ನು ಬ್ಯಾಟರಿಯೇ ಕೊಡಬೇಕು. 55 ಆಂಪಿಯರ್-ಗಂಟೆಯ ಬ್ಯಾಟರಿ 5 ಗಂಟೆಗಳಲ್ಲಿ ಬರಿದು. ದೊಡ್ಡದು ಬೇಕೆಂದು 88ರದ್ದನ್ನು ತಂದರೆ? 8 ಗಂಟೆ, ಅಷ್ಟೆ. ಟ್ಯಾಂಕು ದೊಡ್ಡದಾಯಿತು, ಪಂಪು ಹಳೆಯದೇ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಮತ್ತೆ ತುಂಬಿಸುವುದು ಕಷ್ಟ.

ಆದ್ದರಿಂದ ಮೊದಲು ಬದಲಿಸಬೇಕಾದದ್ದು ಪಂಪು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುತ್ತಾರೆ. ಡೈನಮೋದಲ್ಲಿ ವಿದ್ಯುತ್ ಹುಟ್ಟುವ ಭಾರವಾದ ತಂತಿಸುರುಳಿಯೇ ತಿರುಗುತ್ತದೆ. ಅದನ್ನು ತೀರಾ ವೇಗವಾಗಿ ತಿರುಗಿಸುವಂತಿಲ್ಲ. ಆಲ್ಟರ್ನೇಟರಿನಲ್ಲಿ ತಿರುಗುವುದು ವಿದ್ಯುತ್ಕಾಂತ. ವಿದ್ಯುತ್ ಹುಟ್ಟುವ ಸುರುಳಿ ಸುತ್ತಲೂ ಸ್ಥಿರವಾಗಿರುತ್ತದೆ. ಚಿಕ್ಕ ರಾಟೆ ಹಾಕಿ ವೇಗವಾಗಿ ತಿರುಗಿಸಬಹುದು. ಹೀಗಾಗಿ ಎಂಜಿನ್ ನಿಧಾನವಾಗಿದ್ದಾಗಲೂ ಅದು ವಿದ್ಯುತ್ ಕೊಡುತ್ತದೆ. ಹುಟ್ಟಿದ ಪರ್ಯಾಯ ವಿದ್ಯುತ್ತನ್ನು ಡಯೋಡ್‌ಗಳು ನೇರ ವಿದ್ಯುತ್ತಾಗಿ ಮಾಡುತ್ತವೆ. (ತಮಾಷೆಯೆಂದರೆ, ಸೈಕಲ್ಲಿನ ‘ಡೈನಮೋ’ದಲ್ಲಿಯೂ ತಿರುಗುವುದು ಆಯಸ್ಕಾಂತವೇ. ಅದು ಹೆಸರಿಗೆ ಮಾತ್ರ ಡೈನಮೋ!)

ಕೆಲಸ ಇಷ್ಟಕ್ಕೇ ಮುಗಿಯಿತೆಂದು ತಿಳಿದರೆ ಅಪಾಯ. ಹಳೆಯ ತಂತಿ 22 ಆಂಪಿಯರಿಗೆಂದು ಹಾಕಿದ್ದು. ಅದರಲ್ಲಿ 44 ಹರಿದರೆ ಶಾಖ ಎರಡರಷ್ಟಲ್ಲ, ನಾಲ್ಕರಷ್ಟು ಹುಟ್ಟುತ್ತದೆ! ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಜೌಲರ ನಿಯಮ. ತಂತಿಯ ಮೇಲಿನ ಹೊದಿಕೆ ಕರಗಿ ಕಾರಿಗೆ ಬೆಂಕಿ ಹತ್ತಬಹುದು. ಅದಕ್ಕೇ ದಪ್ಪ ತಂತಿ ಎಳೆದು, ತಕ್ಕ ಫ್ಯೂಸ್ ಹಾಕಲೇಬೇಕು. ಖರ್ಚು ಉಳಿಸಲು ಕೆಲವರು ಇದನ್ನೇ ಬಿಡುತ್ತಾರೆ!

ನಿಯಂತ್ರಕವೂ ಹೊಸದಕ್ಕೆ ಹೊಂದುವಂತಿರಬೇಕು. ಬ್ಯಾಟರಿ ತುಂಬಲು ಸುಮಾರು 14 ವೋಲ್ಟ್ ಸಾಕು. ಬಹಳ ಹೆಚ್ಚಾದರೆ ಆಮ್ಲದಲ್ಲಿರುವ ನೀರು ವಿಭಜನೆಗೊಂಡು ಜಲಜನಕ, ಆಮ್ಲಜನಕ ಅನಿಲಗಳಾಗುತ್ತದೆ. ಆಗ ಹತ್ತಿರ ಬೆಂಕಿಕಡ್ಡಿ ಗೀರಿದರೆ ಬ್ಯಾಟರಿ ಸಿಡಿಯಬಹುದು. ಆಮ್ಲ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ನೀವು ಬ್ಯಾಟರಿಯನ್ನು ಮುಟ್ಟಬೇಡಿ.

ನೋಡಿ ತಿಳಿಯಿರಿ: ಶಿಕ್ಷಕರೊಂದಿಗೆ ಹತ್ತಿರದ ಗ್ಯಾರೇಜಿಗೆ ಹೋಗಿ. ಬ್ಯಾಟರಿಗೆ ವೋಲ್ಟ್‌ಮೀಟರ್ ಜೋಡಿಸಿ ತೋರಿಸುವಂತೆ ಮೆಕ್ಯಾನಿಕ್ ಅಣ್ಣನನ್ನು ಕೇಳಿ. ಎಂಜಿನ್ ನಿಂತಿದ್ದಾಗ ಎಷ್ಟು, ಓಡುವಾಗ ಎಷ್ಟು, ದೀಪಗಳನ್ನೆಲ್ಲ ಹಾಕಿದಾಗ ಎಷ್ಟು, ಬರೆದುಕೊಳ್ಳಿ. ಎಂಜಿನ್ ಓಡುವಾಗಲೂ ಮೀಟರು 12ರ ಆಸುಪಾಸಿನಲ್ಲೇ ಇದ್ದರೆ ಯಾವ ಭಾಗವನ್ನು ಪರೀಕ್ಷಿಸಬೇಕು? ಟ್ಯಾಂಕನ್ನೋ, ಪಂಪನ್ನೋ?