ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯ ಅರ್ಥ

ಕಾಡಿಗೆ ಹೋಗಲು ಅಪ್ಪಣೆಯೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಶೈಕ್ಷಣಿಕ ಪ್ರವಾಸವನ್ನು ಏರ್ಪಡಿಸುವ ಉಪಾಧ್ಯಾಯರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. 'ಉದ್ಯಾನ'ವೆಂಬ ಶಬ್ದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಪಟ್ಟಣದ ಉದ್ಯಾನವು ಜನರ ವಿಹಾರಕ್ಕಾಗಿ ನಿರ್ಮಿತವಾದುದು. ರಾಷ್ಟ್ರೀಯ ಉದ್ಯಾನವಾದರೋ ವನ್ಯಜೀವಿಗಳಿಗೂ ಅವುಗಳ ನೆಲೆಗೂ ಮೀಸಲಾದ ಭೂಮಿ.

1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ 27ನೆಯ ಪ್ರಕರಣವು ಅಭಯಾರಣ್ಯದೊಳಗಿನ ಪ್ರವೇಶವನ್ನು ನಿರ್ಬಂಧಿಸುತ್ತದೆ. 35ನೆಯ ಪ್ರಕರಣವು ಅದೇ ನಿರ್ಬಂಧವನ್ನು ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಕರ್ತವ್ಯನಿರತ ಸರ್ಕಾರಿ ನೌಕರರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದವರನ್ನು ಬಿಟ್ಟರೆ ಉಳಿದವರು ಅನುಮತಿಯನ್ನು ಪಡೆಯಲೇಬೇಕು. ಹೆದ್ದಾರಿಯ ಮಾತು ಗಮನಾರ್ಹವಾದುದು. ರಸ್ತೆಯಲ್ಲಿ ಸಾಗುವ ಹಕ್ಕು ಪಕ್ಕದ ಪೊದೆಗಳೊಳಗೆ ಇಳಿಯುವ ಹಕ್ಕಲ್ಲ. ಬಸ್ಸನ್ನು ನಿಲ್ಲಿಸಿ ಮಕ್ಕಳನ್ನು ಮರದ ನೆರಳಿನಲ್ಲಿ ಊಟಕ್ಕೆ ಕೂರಿಸುವ ತಂಡಗಳು ಇದನ್ನು ಮರೆಯುತ್ತವೆ.

ಯಾವ ಉದ್ದೇಶಗಳಿಗೆ ಅನುಮತಿ ದೊರೆಯುವುದೆಂಬುದನ್ನು 28ನೆಯ ಪ್ರಕರಣವು ಹೇಳುತ್ತದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗಿನ ನಿವಾಸಿಗಳೊಡನೆ ನ್ಯಾಯಸಮ್ಮತ ವ್ಯವಹಾರ. 2022ರ ತಿದ್ದುಪಡಿಯು ಚಲನಚಿತ್ರ ನಿರ್ಮಾಣವನ್ನೂ ಹೆಸರಿಸಿತು. ಆದರೆ ನೆಲೆಯನ್ನು ಮಾರ್ಪಡಿಸದೆ, ಜೀವಿಗಳಿಗೆ ಬಾಧೆಯಾಗದಂತೆ ಎಂಬ ನಿಬಂಧನೆಯೊಡನೆ. ಅನುಮತಿ ನೀಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದು. ನಿಗದಿತ ಶುಲ್ಕವೂ ಷರತ್ತುಗಳೂ ಇರುತ್ತವೆ. ಒಂದು ಉದ್ದೇಶಕ್ಕೆ ಪಡೆದ ಪತ್ರ ಮತ್ತೊಂದಕ್ಕೆ ಸಲ್ಲದು. ಹುಲಿಯನ್ನು ನೋಡಲು ಬಂದವನು ಅದನ್ನು ಮುಟ್ಟಲಾರನಷ್ಟೆ! ಸಂಶೋಧನೆಗಾಗಿ ಹುಲಿಯನ್ನು ಹಿಡಿಯಬೇಕಾದರೆ, ಅದು ಮೊದಲನೆಯ ಅನುಸೂಚಿಯ ಪ್ರಾಣಿಯಾದುದರಿಂದ, ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ಬೇಕು.

ಅನುಮತಿಗೆ ಅವಧಿಯೂ ಉಂಟು. ಇದನ್ನು ಅರಿಯಲು ಕುದುರೆಮುಖಕ್ಕಿಂತ ಉತ್ತಮ ನಿದರ್ಶನ ದೊರೆಯದು. ಅಲ್ಲಿಯ ಕಬ್ಬಿಣದ ಅದಿರಿನ ಗಣಿಗೆ 1969ರಿಂದ 30 ವರ್ಷಗಳ ಗುತ್ತಿಗೆಯಿತ್ತು. 1987ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವೆನಿಸಿತು. 1999ರಲ್ಲಿ ಗುತ್ತಿಗೆ ಮುಗಿದ ಮೇಲೂ ಗಣಿಗಾರಿಕೆ ತಾತ್ಕಾಲಿಕ ಅನುಮತಿಗಳ ಆಸರೆಯಲ್ಲಿ ಮುಂದುವರಿಯಿತು. ಮಳೆಗಾಲದಲ್ಲಿ ಅಗೆದ ಮಣ್ಣು ಭದ್ರಾ ನದಿಗೆ ಸೇರುತ್ತಿದ್ದುದು ದೊಡ್ಡ ಆಕ್ಷೇಪವಾಗಿತ್ತು. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತು, 2005ರ ಅಂತ್ಯದೊಳಗೆ ಗಣಿಯನ್ನು ನಿಲ್ಲಿಸಬೇಕೆಂದಿತು. ಸಾವಿರಾರು ಜನರ ಜೀವನೋಪಾಯವೂ ಆ ತೀರ್ಪಿನೊಡನೆ ಹೆಣೆದುಕೊಂಡಿತ್ತು. ಆ ನೋವನ್ನು ಹಗುರವಾಗಿ ಕಾಣಲಾಗದು.

ಇಂದು ಅದೇ ಬೆಟ್ಟವನ್ನೇರುವ ಚಾರಣಿಗನೂ ಮುಂಗಡವಾಗಿ ಹೆಸರು ನೋಂದಾಯಿಸಿ ಅನುಮತಿ ಪಡೆಯಬೇಕು.

ಶಾಲೆಯ ತಂಡವು ಅರ್ಜಿ ಸಲ್ಲಿಸುವಾಗ ಉದ್ದೇಶ, ದಿನಾಂಕ, ಸಂಖ್ಯೆ ಮತ್ತು ಮಾರ್ಗವನ್ನು ಸ್ಪಷ್ಟವಾಗಿ ಬರೆಯುವುದು ಲೇಸು. ಸಸ್ಯಶಾಸ್ತ್ರದ ಉಪಾಧ್ಯಾಯರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಅಧಿನಿಯಮದ ದೃಷ್ಟಿಯಲ್ಲಿ ಸಸ್ಯವೂ ವನ್ಯಜೀವಿಯೇ. ಉದ್ಯಾನದಿಂದ ಅದನ್ನು ತೆಗೆದೊಯ್ಯಲು, ವನ್ಯಜೀವಿಗಳ ಉತ್ತಮ ನಿರ್ವಹಣೆಗೆ ಅದು ಅಗತ್ಯವೆಂದು ರಾಜ್ಯ ಸರ್ಕಾರಕ್ಕೆ ಮನವರಿಕೆಯಾಗಿರಬೇಕು. ಅಧ್ಯಯನದ ಅನುಮತಿಯನ್ನು ಹಿಡಿದು ಒಳಹೊಕ್ಕ ವಿದ್ಯಾರ್ಥಿಯು ಪುಸ್ತಕದ ಹಾಳೆಗಳ ನಡುವೆ ಒಣಗಿಸಲೆಂದು ಎಲೆಯೊಂದನ್ನು ಕೀಳುವಂತಿಲ್ಲ. ಗಿಡದ ಬಳಿಯಲ್ಲಿಯೇ ನಿಂತು ಅದರ ಚಿತ್ರವನ್ನು ಬರೆದುಕೊಳ್ಳಬಹುದು. ಪೆನ್ಸಿಲು, ನೋಟುಪುಸ್ತಕಗಳನ್ನು ಹೊರಡುವ ಮುನ್ನವೇ ಹಂಚುವುದು ಒಳ್ಳೆಯದು.