ಹೊಟ್ಟೆ ಕೊಯ್ದು ಕರು ತೆಗೆದ ರಾಸಿನ ಗಾಯ ನಂಜಾಗದಂತೆ ಎಚ್ಚರಿಕೆ

ಹಸು ಈಯಲಾರದೆ ಒದ್ದಾಡುವಾಗ, ಬೇರೆ ಮಾರ್ಗವಿಲ್ಲದಿದ್ದರೆ, ಪಶುವೈದ್ಯರು ಹೊಟ್ಟೆ ಕೊಯ್ದು ಕರು ತೆಗೆಯುತ್ತಾರೆ. ಇದೇ ಸಿಸೇರಿಯನ್ ಶಸ್ತ್ರಚಿಕಿತ್ಸೆ. ಸಣ್ಣ ಮೈಕಟ್ಟಿನ ಕಡಸಿಗೆ ದೊಡ್ಡ ತಳಿಯ ವೀರ್ಯ ಕೊಡಿಸುವುದು, ಎಮ್ಮೆಗಳಲ್ಲಿ ಗರ್ಭಕೋಶ ತಿರುಚಿಕೊಳ್ಳುವುದು ಇದರ ಸಾಮಾನ್ಯ ಕಾರಣಗಳು. ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆದರೂ ಅನಂತರ ಗಾಯ ನಂಜಾಗಿ ರಾಸು ಕೈತಪ್ಪುವುದುಂಟು. ಬದುಕಿದರೂ ಹಾಲು ಇಳಿಯುತ್ತದೆ, ಮತ್ತೆ ಗಬ್ಬವಾಗುವುದು ತಡವಾಗುತ್ತದೆ.

ನಂಜು ಹೊರಗಿನಿಂದಲೇ ಬರುವುದೆಂದು ಬಹುಮಂದಿ ತಿಳಿದಿದ್ದಾರೆ. ಆದರೆ ಅನೇಕ ಸಲ ಅದು ಕತ್ತಿ ತಗಲುವ ಮೊದಲೇ ಒಳಗೆ ಸೇರಿರುತ್ತದೆ. ನಾಲ್ಕಾರು ಜನ ಸರದಿಯ ಮೇಲೆ ಕೈಹಾಕಿ, ಹಗ್ಗ ಕಟ್ಟಿ ಎಳೆದು, ರಾತ್ರಿ ಕಳೆದ ಮೇಲೆ ವೈದ್ಯರಿಗೆ ಹೇಳಿಕಳುಹಿಸಿದರೆ, ಅಷ್ಟರಲ್ಲಿ ಕರು ಸತ್ತು ಕೊಳೆಯತೊಡಗಿರಬಹುದು. ಗರ್ಭಕೋಶ ಕೊಯ್ದಾಗ ಆ ಕೊಳೆತ ನೀರು ಹೊಟ್ಟೆಯೊಳಕ್ಕೂ ಗಾಯದ ಅಂಚಿಗೂ ತಗಲುತ್ತದೆ. ಆ ಮೇಲೆ ಎಷ್ಟು ಬೆಲೆಯ ಔಷಧಿ ಕೊಟ್ಟರೂ ಫಲ ಅನುಮಾನ. ನೀರುಚೀಲ ಒಡೆದು ಒಂದೆರಡು ಗಂಟೆಯಾದರೂ ಹೆರಿಗೆ ಮುಂದುವರಿಯದಿದ್ದರೆ ಕೂಡಲೆ ವೈದ್ಯರನ್ನು ಕರೆಸಬೇಕು. ಗರ್ಭಕೋಶ ತಿರುಚಿದ ಎಮ್ಮೆಯಲ್ಲಿ ನೀರುಚೀಲ ಕಾಣಿಸದೆಯೂ ಇರಬಹುದು. ನೋವು ತಿಂದು ಸುಮ್ಮನಾದರೆ ಅದನ್ನು ಒಳ್ಳೆಯ ಲಕ್ಷಣವೆಂದು ಬಗೆಯಬಾರದು.

ವೈದ್ಯರು ಬರುವಷ್ಟರಲ್ಲಿ ತಿಪ್ಪೆಯಿಂದ ದೂರ, ಗಾಳಿಗೆ ಧೂಳೇಳದ ಜಾಗ ನೋಡಿ ನೀರು ಚಿಮುಕಿಸಿಡಬೇಕು. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕಸ ಗುಡಿಸಲೇಬಾರದು. ಕುದಿಸಿ ಆರಿಸಿದ ನೀರು, ಸೋಪು, ಒಗೆದ ಬಟ್ಟೆ, ಒಳ್ಳೆಯ ಬೆಳಕು ಸಿದ್ಧವಿರಲಿ. ಸಾಮಾನ್ಯವಾಗಿ ಎಡ ಹೊಟ್ಟೆಯ ಪಕ್ಕದಲ್ಲಿ ಕೂದಲು ಬೋಳಿಸಿ, ತೊಳೆದು, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕೊಯ್ಯುತ್ತಾರೆ. ನೋಡಲು ಬಂದವರನ್ನು ದೂರವಿಡುವುದು ಮನೆಯವರ ಕೆಲಸ.

ಅನಂತರ ಕೊಟ್ಟಿಗೆಯಲ್ಲಿ ಒಣಹುಲ್ಲು ಹಾಸಿ, ಸಗಣಿ ಗಂಜಲವನ್ನು ಆಗಿಂದಾಗ್ಗೆ ತೆಗೆಯಬೇಕು. ಗಾಯಕ್ಕೆ ಬೂದಿ, ಸುಣ್ಣ, ಸಗಣಿ, ಎಂಜಿನ್ ಎಣ್ಣೆ ಇವು ಯಾವುದೂ ಬೇಡ. ವೈದ್ಯರು ಹೇಳಿದ ಅಯೋಡಿನ್ ದ್ರಾವಣ ಅಥವಾ ಮುಲಾಮು ಸಾಕು. ನೊಣ ಕೂತರೆ ಹುಳು ಬೀಳುವುದಕ್ಕೆ ಒಂದೆರಡು ದಿನವೇ ಸಾಕಾದ್ದರಿಂದ ಹೊಲಿಗೆಯ ಸುತ್ತ ನೊಣ ಓಡಿಸುವ ಔಷಧಿ ಹಚ್ಚಬೇಕು. ರಾಸು ಗಾಯ ನೆಕ್ಕದಂತೆ, ಕಂಬಕ್ಕೆ ಉಜ್ಜದಂತೆ ಕಟ್ಟಬೇಕು.

ಮೊದಲ ದಿನಗಳಲ್ಲಿ ಹೊಲಿಗೆಯ ಸುತ್ತ ಮೆತ್ತಗಿನ, ನೋವಿಲ್ಲದ ಊತ ಬರಬಹುದು, ಗಾಬರಿ ಬೇಡ. ಊತ ಬಿಸಿಯಾಗಿ ಮುಟ್ಟಿದರೆ ಒದೆಯುವಂತಿದ್ದರೆ, ಕೀವು ಅಥವಾ ದುರ್ವಾಸನೆಯ ನೀರು ಜಿನುಗಿದರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ, ಮೇವು ಬಿಟ್ಟರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಮಾಸು ಬೀಳದಿದ್ದರೂ ಹಾಗೆಯೇ. ಕಲ್ಲು ಕಟ್ಟಿ ಎಳೆಯುವುದು ಅನಾಹುತ.

ಜೀವಿರೋಧಕ ಚುಚ್ಚುಮದ್ದನ್ನು ರಾಸು ಚೇತರಿಸಿತೆಂದು ನಡುವೆ ನಿಲ್ಲಿಸಬಾರದು. ಆ ದಿನಗಳ ಹಾಲನ್ನೂ, ಔಷಧಿಯ ಮೇಲೆ ನಮೂದಿಸಿದ ಅವಧಿಯವರೆಗಿನ ಹಾಲನ್ನೂ ಡೇರಿಗೆ ಹಾಕಕೂಡದು. ಅಂಥ ಹಾಲು ಸರಿಯಾಗಿ ಹೆಪ್ಪುಗಟ್ಟದೆ ಇರಬಹುದು. ನೋವಿಗೆಂದು ಮನುಷ್ಯರ ಡೈಕ್ಲೋಫೆನಾಕ್ ಕೊಡುವವರಿದ್ದಾರೆ. ಸತ್ತ ದನ ತಿಂದ ರಣಹದ್ದುಗಳು ಅದರಿಂದ ನಾಶವಾದ್ದರಿಂದ 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಲಾಯಿತು. ಮೆಲಾಕ್ಸಿಕಾಂ ಅದರ ಬದಲಿಗೆ ಇದೆ.

ಹೊಲಿಗೆಯನ್ನು ಸುಮಾರು ಎರಡು ವಾರದ ನಂತರ ವೈದ್ಯರೇ ಬಿಚ್ಚಬೇಕು. ಬೆದೆಗೆ ಬಂದರೂ ಗರ್ಭಕೋಶ ಮಾಗಿದೆಯೆಂದು ಅವರು ಪರೀಕ್ಷಿಸಿ ಹೇಳುವವರೆಗೆ ವೀರ್ಯ ಕೊಡಿಸಬಾರದು. ಕೊಡಿಸುವಾಗ ರಾಸಿನ ಮೈಕಟ್ಟಿಗೆ ಹೊಂದುವ ಸಣ್ಣ ತಳಿಯ ಹೋರಿಯದನ್ನೇ ಕೇಳಿ ಪಡೆಯಬೇಕು.